ಶುಭದಿನವು ಪಾಪವನ್ನು ಅಳಿಸುವದೋ?

ಕುಣಿಗಲ್ ಸೀಮೆಯ ಒಂದು ಗ್ರಾಮದಲ್ಲಿ ವಿವಾಹದ ಹಿಂದಿನ ಸಾಯಂಕಾಲ ಮದಲಿಂಗನೊಬ್ಬನು, "ಉಪದೇಶಿಗಳೇ, ನಾಳೆಯಿಂದ ನನಗೆ ಹೊಸ ಬಾಳು. ಹಳೆಯದೆಲ್ಲಾ ತೀರಿತಲ್ಲವೇ?" ಎಂದು ನನ್ನನ್ನು ಕೇಳಿದನು. ಅವನು ತನ್ನ ಚಿಕ್ಕಪ್ಪನಿಗೆ ಸಲ್ಲತಕ್ಕ ರಾಗಿಯನ್ನು ಎರಡು ವರುಷಗಳಿಂದ ಕೊಡದೆ ಇದ್ದನು. ಚಿಕ್ಕಪ್ಪನು ಚಪ್ಪರಕ್ಕೆ ಬಂದಿರಲಿಲ್ಲ.

ಈ ಪ್ರಶ್ನೆಯನ್ನು ಯೆಹೂದ್ಯರ ಶಾಸ್ತ್ರಿಗಳು ಪೂರ್ವದಲ್ಲಿಯೇ ವಿಚಾರಮಾಡಿದರು. ನಮ್ಮ ಸೀಮೆಯಲ್ಲಿ ಆ ಜನರು ಬಹು ವಿರಳ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಿಂದ ಅವರ ಸಮಾಧಿಭೂಮಿಯುಂಟು. ಸುಮಾರು ಕ್ರಿ. ಶ. 400ರಲ್ಲಿ ಗಲಿಲಾಯದಲ್ಲಿ ಕೂಡಿಸಲ್ಪಟ್ಟ ಅವರ ತಾಲ್ಮೂದಿನಲ್ಲಿ, ಜ್ಞಾನಿಯಾಗಿ ನೇಮಕಹೊಂದಿದವನು, ಮದಲಿಂಗನು, ಅಧಿಪತಿಯ ಪದವಿಗೇರಿದವನು, ಈ ಮೂವರ ಪಾಪಗಳು ಆ ಸಮಯದಲ್ಲಿ ಕ್ಷಮಿಸಲ್ಪಡುವವೆಂದು ಹೇಳಿದೆ.

ಇದಕ್ಕೆ ಅವರು ವೇದವಾಕ್ಯಗಳಿಂದಲೇ ಆಧಾರ ತೋರಿಸುತ್ತಾರೆ. ಏಸಾವನು ವರಿಸಿದ ಇಷ್ಮಾಯೇಲನ ಮಗಳಿಗೆ ಆದಿಕಾಂಡ 28ರಲ್ಲಿ ಮಹಲತಳೆಂದೂ 36ರಲ್ಲಿ ಬಾಸೆಮತಳೆಂದೂ ಹೆಸರುಂಟು. ಮಹಲತ ಎಂಬದು ಕ್ಷಮೆ ಎಂಬರ್ಥದ ಇಬ್ರಿಯ ಶಬ್ದವನ್ನು ಹೋಲುವದರಿಂದ, ವಿವಾಹದಲ್ಲಿ ಏಸಾವನಂಥವನಿಗೂ ಕ್ಷಮೆಯಾಯಿತೆಂದರು. ಸೌಲನು ಅರಸನಾದಾಗ ಒಂದು ವರುಷದವನೆಂದು 1 ಸಮುವೇಲ 13ರ ಇಬ್ರಿಯ ಮೂಲದಲ್ಲಿರುವದನ್ನು, ಒಂದು ವರುಷದ ಕೂಸಿನಂತೆ ನಿಷ್ಪಾಪಿ ಎಂದು ವಿವರಿಸಿದರು. ಯಾಜಕಕಾಂಡ 19ರಲ್ಲಿ ವೃದ್ಧರ ಮಾತಿನ ಮುಂದೆಯೇ ಪರದೇಶಿಯ ಮಾತು ಬರುವದರಿಂದ, ಹೊಸದಾಗಿ ಮತಕ್ಕೆ ಸೇರಿದವನಿಗೆ ಹೇಗೋ ಜ್ಞಾನಿಗೂ ಹಾಗೆಯೇ ಕ್ಷಮೆಯಾಗುವದೆಂದರು.

ಆದರೆ ಇದನ್ನು ಅವರು ಸುಲಭದ ಮಾರ್ಗವೆಂದು ಎಣಿಸಲಿಲ್ಲ. ಅನೇಕ ಯೆಹೂದ್ಯ ವಧೂವರರು ವಿವಾಹದಿನ ಉಪವಾಸವಿದ್ದು, ದೋಷಪರಿಹಾರಕ ದಿನದ ಪಾಪನಿವೇದನೆಯನ್ನು ಉಚ್ಚರಿಸುತ್ತಾರೆ. ಅವರ ಮಿಷ್ನಾ ಗ್ರಂಥದ ಪ್ರಕಾರ, ಮರಣವೂ ದೋಷಪರಿಹಾರಕ ದಿನವೂ ಪಶ್ಚಾತ್ತಾಪದೊಡನೆಯೇ ಪ್ರಾಯಶ್ಚಿತ್ತವಾಗುವವು. ನೆರೆಯವನಿಗೆ ಮಾಡಿದ ಅಪರಾಧವೋ, ಅವನನ್ನು ಸಮಾಧಾನಪಡಿಸುವ ತನಕ ಆ ಮಹಾದಿನದಿಂದಲೂ ಪರಿಹಾರವಾಗದು.

ಹಾಗಾದರೆ ಶುಭದಿನದಿಂದ ಪ್ರಯೋಜನವೇನು? ಹೊಸ ಭಾರವನ್ನು ಹೊರುವ ದಿನ ಮನುಷ್ಯನ ಹೃದಯವು ಮೆತ್ತಗಾಗುವದು. ಹದಮಳೆಯು ಹೊಲವನ್ನು ಮೆದುಮಾಡುವದೇ ಹೊರತು ತಾನೇ ಉಳುವದಿಲ್ಲ. ಉಳದೆ ಬಿಟ್ಟರೆ ನೆಲವು ಮತ್ತೆ ಗಟ್ಟಿಯಾಗುವದು.

ಇದನ್ನೇ ಆ ಮದಲಿಂಗನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ರಾತ್ರಿಯೇ ರಾಗಿಮೂಟೆಗಳನ್ನು ಗಾಡಿಗೇರಿಸಿದನು. ನಾನೂ ಜೊತೆಯಲ್ಲಿ ಹೋದೆನು. ಚಿಕ್ಕಪ್ಪನು ಮೂಟೆಗಳ ಕಡೆಗೆ ನೋಡಲೇ ಇಲ್ಲ, "ಉಂಡೆಯೇನಪ್ಪಾ?" ಎಂದು ಮಾತ್ರ ಕೇಳಿದನು.

ವಾಚಕರೇ, ಗುಬ್ಬಿಯಲ್ಲಾಗಲಿ ಕುಣಿಗಲಿನಲ್ಲಾಗಲಿ, ನಿಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಮೊದಲು ನೀವು ಹೋಗತಕ್ಕ ಬಾಗಿಲು ಯಾವದೆಂದು ಯೋಚಿಸಿರಿ.