ಲಕ್ಕಮ್ಮನ ಅಕ್ಕಿ ಮತ್ತು ದುಡಿಮೆಯ ಮಿತಿ

ದುಡಿಮೆಯನ್ನೇ ಪೂಜೆಯೆಂದು ಕಂಡ ಶರಣರ ನಾಡಿನಲ್ಲಿ, ಆ ದುಡಿಮೆಯೇ ಒಬ್ಬನ ಜೀವ ತೆಗೆದರೆ ಅಥವಾ ಅವನು ತಾನಾಗಿಯೇ ಜೀವ ಕಳೆದುಕೊಳ್ಳುವಷ್ಟು ದಣಿಸಿದರೆ ಅದು ಕಾಯಕವಾಗಿ ಉಳಿಯುವುದೇ ಎಂಬ ಪ್ರಶ್ನೆಯಿಂದ ಧರ್ಮಚಿಂತನೆ ತಪ್ಪಿಸಿಕೊಳ್ಳಲಾಗದು. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಮ್ಮೆ ಅವನು ವಾಡಿಕೆಗಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಕಾಯಕ, ಎಂದರೆ ನಿಷ್ಠೆಯಿಂದ ಮಾಡುವ ಜೀವನೋಪಾಯ, ಸಾಕೆನ್ನುವ ಅರಿವನ್ನೂ ಒಳಗೊಂಡಿದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಆದರೆ ಇಂದಿನ ಕಾರ್ಮಿಕನಿಗೆ ಹೀಗೆ ಸಾಕೆನ್ನುವುದು ಸುಲಭವಲ್ಲ. ಬಳ್ಳಾರಿ ನಗರ ಜೀನ್ಸ್ ಉಡುಪಿಗೆ ಹೆಸರಾದುದು. ಪೀಸ್ ಲೆಕ್ಕದ ಕೂಲಿಯಲ್ಲಿ ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುತ್ತ ಬೆನ್ನು ಬಾಗಿಸಿ ಕುಳಿತವನಿಗೆ, ಎದ್ದು ನೀರು ಕುಡಿದ ಗಳಿಗೆಯೂ ಕೂಲಿಯ ನಷ್ಟವೇ. ಅಲ್ಲಿ ಸಾಕೆನ್ನುವ ಸ್ವಾತಂತ್ರ್ಯ ಲಕ್ಕಮ್ಮನಿಗಿದ್ದಷ್ಟು ಇರುವುದಿಲ್ಲ. ಆದ್ದರಿಂದ ಸಂತೃಪ್ತಿಯ ಉಪದೇಶವನ್ನು ಕಾರ್ಮಿಕನಿಗಷ್ಟೇ ಮಾಡುವುದು ಅನ್ಯಾಯ.

ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದ ಕಾರಣಕ್ಕೆ 2016ರಲ್ಲಿ ಜಗತ್ತಿನಾದ್ಯಂತ ಸುಮಾರು 7,45,000 ಜನರು ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಅಂದಾಜಿಸಿದವು. ಅತಿದುಡಿಮೆಯ ಸಾವನ್ನು ‘ಕರೋಶಿ’ ಎಂದು ಕರೆಯುವ ಜಪಾನ್ 2014ರಲ್ಲಿ ಅದರ ತಡೆಗಾಗಿಯೇ ಕಾನೂನು ಮಾಡಿತು. ಕರ್ನಾಟಕವಾದರೋ 2023ರ ತಿದ್ದುಪಡಿಯಲ್ಲಿ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಉಳಿಸಿಕೊಂಡೇ, ಕಾರ್ಖಾನೆಯ ದಿನವನ್ನು 12 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಿತು. ಕಾಯಕದ ಹೆಸರೆತ್ತುವ ಮಠಗಳೂ ಮಾಲೀಕರೂ ಎಂಟು ಗಂಟೆಯ ದುಡಿಮೆಗೇ ಬದುಕಲು ಸಾಲುವಷ್ಟು ಕೂಲಿ ಸಿಗಬೇಕೆಂದು ಮೊದಲು ದನಿಯೆತ್ತಲಿ.