ಹಿಟ್ಟಿನ ಕೋಳಿಯೂ ಪರದೆಯ ಮೇಲಿನ ಕೊಲೆಯೂ

ಕಳೆದ ದೀಪಾವಳಿಯ ರಜೆಯಲ್ಲಿ ಮೊಮ್ಮಗನು ಗಣಕಯಂತ್ರದ ಮುಂದೆ ಕುಳಿತು ಗುಂಡು ಹಾರಿಸುವ ಆಟವಾಡುತ್ತಿದ್ದನು. ಶ್ರಾವಕರ ಮನೆಯಲ್ಲಿ ಇದೆಂತಹ ಆಟವೆಂದು ಗದರಿದೆ. "ಅಜ್ಜಾ, ಇದು ಬರೀ ಚಿತ್ರ, ಯಾರೂ ಸಾಯಲ್ಲ. ನೀವೂ ಅಂಗಡೀಲಿ ಆಟದ ಪಿಸ್ತೂಲು ಮಾರ್ತಿದ್ರಲ್ಲ?" ಎಂದನು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆಯ ಮೊದಲ ಭಾಗ ಹಳೆಯದೇ. 13ನೆಯ ಶತಮಾನದಲ್ಲಿ ಜನ್ನನು ಕನ್ನಡಕ್ಕೆ ತಂದ ಯಶೋಧರನ ಕಥೆಯನ್ನು ಅರಿಯದ ಜೈನ ಮನೆತನವಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಅರಸನು ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ ಅದನ್ನು ಕಡಿದದ್ದಕ್ಕೆ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಏಕೆಂದರೆ ಕೋಳಿ ಹಿಟ್ಟಿನದಾದರೂ ಸಂಕಲ್ಪ ಹಿಟ್ಟಿನದಾಗಿರಲಿಲ್ಲ. ದ್ರವ್ಯಹಿಂಸೆ ನಡೆಯದಿದ್ದರೂ ಭಾವಹಿಂಸೆ ನಡೆದಿತ್ತು.

ಹಾಗಾದರೆ ಇಂತಹ ಚಿತ್ರಗಳನ್ನು ರಚಿಸುವ ಕಲಾವಿದನ ಪಾಡೇನು? ಚೀನಾದ ಫೆಂಗ್ ಮೆಂಗ್‌ಬೋ ಎಂಬ ಕಲಾವಿದರ ಉದಾಹರಣೆ ಇಲ್ಲಿ ವಿಚಾರಾರ್ಹವಾಗಿದೆ. 1966ರಲ್ಲಿ ಬೀಜಿಂಗ್‌ನಲ್ಲಿ ಜನಿಸಿದ ಇವರು ಅಲ್ಲಿಯ ಕೇಂದ್ರ ಲಲಿತಕಲಾ ಅಕಾಡೆಮಿಯಲ್ಲಿ ಮುದ್ರಣಕಲೆಯನ್ನು ಕಲಿತು, ತೈಲವರ್ಣದಲ್ಲಿ ವಿಡಿಯೋ ಆಟದ ದೃಶ್ಯಗಳಂತಹ ಚಿತ್ರಗಳನ್ನು ಬರೆದರು. ಬಳಿಕ ಕುಂಚದಿಂದ ಗಣಕಯಂತ್ರಕ್ಕೆ ಬಂದು ಆಟಗಳನ್ನೇ ರಚಿಸಿದರು. 2002ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ 'ಕ್ಯೂ4ಯು' ಎಂಬ ಕೃತಿಯನ್ನಿಟ್ಟರು. 'ಕ್ವೇಕ್ 3' ಎಂಬ ಪ್ರಸಿದ್ಧ ಕಾದಾಟದ ಆಟವನ್ನು ಮಾರ್ಪಡಿಸಿ, ಅದರ ಯೋಧರೆಲ್ಲರಿಗೂ ತಮ್ಮದೇ ರೂಪವನ್ನು ಕೊಟ್ಟಿದ್ದರು. ಕೈಯಲ್ಲಿ ಆಯುಧದ ಜೊತೆಗೆ ಒಂದು ಕ್ಯಾಮರಾ. ಆಡುವವನು ಯಾರನ್ನು ಕೊಂದರೂ ಬೀಳುವುದು ಅದೇ ಮನುಷ್ಯ, ಕೊಲ್ಲುವವನೂ ಅವನೇ.

ಹಿಂಸಕನು ಮೊದಲು ಘಾತಿಸುವುದು ತನ್ನ ಆತ್ಮವನ್ನೇ ಎಂಬ ನಮ್ಮ ಆಚಾರ್ಯರ ಉಪದೇಶವನ್ನು ಬಲ್ಲ ನನಗೆ ಈ ಕೃತಿಯ ವಿವರ ತಿಳಿದಾಗ ಮೈ ಜುಮ್ಮೆಂದಿತು. ಕಲಾವಿದರ ಉದ್ದೇಶ ಇದೇ ಆಗಿತ್ತೆಂದು ನಾನು ಹೇಳಲಾರೆ. ಆ ಮುಖವನ್ನು ಕಂಡು ಒಬ್ಬನ ಬೆರಳು ಒಂದು ಕ್ಷಣ ತಡೆದರೆ ಅವನಿಗೆ ಆ ಆಟ ಉಪಕಾರಿಯೇ ಸರಿ. ನಗುತ್ತಾ ಒತ್ತಿದವನಿಗೆ ಅದೂ ಹಿಟ್ಟಿನ ಕೋಳಿಯೇ. ಆದರೆ ಭಾವವೇ ಪ್ರಧಾನವೆಂದು ಹೇಳಿ ರಚಿಸಿದವನನ್ನೂ ಮಾರಿದವನನ್ನೂ ಬಿಟ್ಟುಬಿಡುವಂತಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಲ್ಲಿಯೂ ಕರ್ಮವು ಬರುತ್ತದೆ. ಇಲ್ಲಿಗೆ ಮೊಮ್ಮಗನ ಪ್ರಶ್ನೆಯ ಎರಡನೆಯ ಭಾಗ ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತದೆ. ಮೂವತ್ತು ವರ್ಷ ಹಬ್ಬದ ದಿನಗಳಲ್ಲಿ ಆಟದ ಪಿಸ್ತೂಲು ಮಾರಿದ ಲಾಭ ನನ್ನ ಖಾತೆಯಲ್ಲಿದೆ. ಉಳಿದ ಲೆಕ್ಕ ಬೇರೊಂದು ಖಾತೆಯಲ್ಲಿದೆ.

ಮರುದಿನ ಗದರದೆ ಅವನ ಪಕ್ಕದಲ್ಲಿ ಕುಳಿತೆ. ಒಂದು ಆಟ ಮುಗಿದಾಗ, "ಈಗ ಮನಸ್ಸಿನಲ್ಲಿ ಏನಿತ್ತು ಮಗು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಟ್ಟು ಬಂದಿತ್ತು ಅಜ್ಜಾ" ಎಂದನು. ಸತ್ತವರು ಚಿತ್ರಗಳೇ, ಸಿಟ್ಟು ಮಾತ್ರ ಚಿತ್ರವಾಗಿರಲಿಲ್ಲ. ಅದನ್ನು ಅವನೇ ಕಂಡುಕೊಂಡನು.

ಬಸದಿಗಳ ಪಾಠಶಾಲೆಗಳಲ್ಲಿ ಮಕ್ಕಳಿಗೆ ನಿಷೇಧವನ್ನು ಬೋಧಿಸುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಿ ನೋಡಬಹುದೆಂದು ಟ್ರಸ್ಟಿನ ಬಂಧುಗಳಲ್ಲಿ ನನ್ನ ವಿನಂತಿ. ನಾನಾದರೋ ಆ ಪಿಸ್ತೂಲುಗಳನ್ನು ನನ್ನ ಪ್ರತಿಕ್ರಮಣದಲ್ಲಿ ಸೇರಿಸಿಕೊಂಡಿದ್ದೇನೆ.