ಅನುಮತಿ ಕೊಟ್ಟವರು ಯಾರು?

ಬೇಹುಗಾರ ಕಪ್ಪು ಕೋಟು ತೊಟ್ಟು ಬರುವುದು ಸಿನಿಮಾದಲ್ಲಿ. 2016ರ ಸೆಪ್ಟೆಂಬರಿನಲ್ಲಿ ಆತ ಬಂದದ್ದು ಇಮೇಲಿನಲ್ಲಿ. ಟ್ರಂಪ್ ಪ್ರಚಾರ ತಂಡದ 29ರ ಹರೆಯದ ಸಲಹೆಗಾರ ಜಾರ್ಜ್ ಪಾಪಡೋಪೌಲಸ್‌ಗೆ ಲಂಡನ್ನಿಗೆ ಬರಲು ಆಹ್ವಾನ. ಮೆಡಿಟರೇನಿಯನ್ ಸಮುದ್ರದ ಅನಿಲ ನಿಕ್ಷೇಪದ ಬಗ್ಗೆ ಒಂದು ಪ್ರಬಂಧ ಬರೆದುಕೊಟ್ಟರೆ 3,000 ಡಾಲರ್. ಕರೆದವರು ಕೇಂಬ್ರಿಜ್‌ನ ಪ್ರಾಧ್ಯಾಪಕ ಸ್ಟೀಫನ್ ಹಾಲ್ಪರ್. ಮಾತು ಧ್ವನಿಮುದ್ರಣವಾಗಿ ಎಫ್‌ಬಿಐಗೆ ಸೇರಿತು. ತನ್ನ ವಿದ್ವತ್ತಿಗೆ ಸಂಭಾವನೆ ಸಿಗುತ್ತದೆಂದಾಗ ಅನುಮಾನಪಡುವ ವಿದ್ವಾಂಸನನ್ನು ನಾನಿನ್ನೂ ಕಂಡಿಲ್ಲ.

•

ಟ್ರಂಪ್ ತಂಡಕ್ಕೂ ರಷ್ಯಾಕ್ಕೂ ನಂಟಿದೆಯೇ ಎಂಬ ಎಫ್‌ಬಿಐ ತನಿಖೆಯೇ ತಪ್ಪು ಎನ್ನಲಾಗದು. ಡೆಮಾಕ್ರಟಿಕ್ ಪಕ್ಷದ ಇಮೇಲ್‌ಗಳನ್ನು ರಷ್ಯಾ ಕದ್ದದ್ದು ನಿಜ, ರಷ್ಯಾ ನೆರವಿನ ಬಗ್ಗೆ ಪಾಪಡೋಪೌಲಸ್ ಆಡಿದ ಮಾತಿನ ಸುಳಿವು ಆಸ್ಟ್ರೇಲಿಯಾದಿಂದ ಬಂದದ್ದೂ ನಿಜ. ಮತದಾನಕ್ಕೆ ಸುಮಾರು ನೂರು ದಿನವಿದ್ದಾಗ, ಜುಲೈ 31ರಂದು, ಕಡತ ತೆರೆಯಿತು. ತೆರೆಯದೆ ಕೂತಿದ್ದರೆ ಅದಕ್ಕೂ ಉತ್ತರ ಹೇಳಬೇಕಾಗುತ್ತಿತ್ತು.

•

ಮಾಹಿತಿದಾರ ತಂದದ್ದನ್ನೆಲ್ಲ ನಂಬುವವನು ಪೆದ್ದ. ಬೇಕಾದ್ದನ್ನಷ್ಟೇ ನಂಬುವವನು ಅಪಾಯಕಾರಿ. ಲಂಡನ್ನಿನ ಆ ಧ್ವನಿಮುದ್ರಣದಲ್ಲಿ ಪಾಪಡೋಪೌಲಸ್, ಇಮೇಲ್ ಸೋರಿಕೆಗೂ ಪ್ರಚಾರ ತಂಡಕ್ಕೂ ಸಂಬಂಧವಿಲ್ಲ ಎಂದಿದ್ದ. ಅಕ್ಟೋಬರಿನಲ್ಲಿ ಕಾರ್ಟರ್ ಪೇಜ್ ಎಂಬ ಇನ್ನೊಬ್ಬ ಸಲಹೆಗಾರನ ಮೇಲೆ ಕಣ್ಗಾವಲಿಡಲು ಕೋರ್ಟಿಗೆ ಕೊಟ್ಟ ಅರ್ಜಿಯಲ್ಲಿ ಆ ಮಾತೇ ಇರಲಿಲ್ಲ.

•

ವಿದೇಶಿ ಬೇಹುಗಾರಿಕೆ ಪ್ರಕರಣಗಳ ಕಣ್ಗಾವಲಿಗೆ ಗುಟ್ಟಾಗಿ ಅನುಮತಿ ಕೊಡುವ ಈ ಫೈಸಾ ಕೋರ್ಟಿನಲ್ಲಿ ಎದುರು ವಕೀಲನಿಲ್ಲ. ಆಪಾದಿತನಿಗೆ ಸುದ್ದಿಯೇ ಇಲ್ಲ. ಅಲ್ಲಿ ಆತನ ಪರವಾದ ಸತ್ಯವನ್ನೂ ಸರ್ಕಾರವೇ ಹೇಳಬೇಕು. ಪೇಜ್ ವಿಷಯದಲ್ಲಿ ಮೊದಲ ಆದೇಶದ ಮೇಲೆ ಮೂರು ಸಲ ನವೀಕರಣವಾಯಿತು. ಆತನ ಮೇಲೆ ಕೊನೆಗೂ ಯಾವ ಮೊಕದ್ದಮೆಯೂ ಹೂಡಲಿಲ್ಲ.

•

ಪೇಜ್ ಹಿಂದೆ ಸಿಐಎಗೆ ಸಂಪರ್ಕವ್ಯಕ್ತಿಯಾಗಿದ್ದವ. ಎಫ್‌ಬಿಐ ವಕೀಲ ಕೆವಿನ್ ಕ್ಲೈನ್‌ಸ್ಮಿತ್ ಆ ಕುರಿತ ಇಮೇಲೊಂದಕ್ಕೆ ಪೇಜ್ ಮೂಲವಲ್ಲ ಎಂಬ ಅರ್ಥದ ಮಾತು ಸೇರಿಸಿದ. ತಪ್ಪೊಪ್ಪಿಕೊಂಡ, ಸಿಕ್ಕಿದ್ದು ಹನ್ನೆರಡು ತಿಂಗಳ ಪ್ರೊಬೇಷನ್. ಪಿತೂರಿಗೆ ದೊಡ್ಡ ಜಾಲ ಬೇಕು ಎನ್ನುತ್ತೇವೆ. ಕೀಲಿಮಣೆಯ ಮುಂದೆ ಅವಸರದಲ್ಲಿರುವ ಒಬ್ಬ ನೌಕರ ಸಾಕು.

•

ಫೋನಿಗೆ ಕಿವಿಗೊಡಲು ನ್ಯಾಯಾಧೀಶರ ಆದೇಶ ಬೇಕು. ರೆಕಾರ್ಡರ್ ಹೊತ್ತ ಮನುಷ್ಯನನ್ನು ಸ್ನೇಹಿತನ ವೇಷದಲ್ಲಿ ಪ್ರಚಾರ ತಂಡದವರ ಬಳಿ ಕಳಿಸಲು ಆಗಿನ ನಿಯಮದ ಪ್ರಕಾರ ಎಫ್‌ಬಿಐನ ಮೊದಲ ಹಂತದ ಮೇಲ್ವಿಚಾರಕ ಒಪ್ಪಿದರೆ ಸಾಕಿತ್ತು. ತಂತಿಗಿಂತ ಮನುಷ್ಯನಿಗೆ ನಾವು ಹೆಚ್ಚು ಬಾಯಿಬಿಡುತ್ತೇವೆಂಬುದು ಕಾನೂನು ಬರೆದವರಿಗೆ ಹೊಳೆಯಲಿಲ್ಲವೇ?

•

2020ರಲ್ಲಿ ಅಟಾರ್ನಿ ಜನರಲ್ ವಿಲಿಯಂ ಬಾರ್ ಮದ್ದು ಕಂಡುಹಿಡಿದರು: ಅಧ್ಯಕ್ಷ ಸ್ಥಾನದ ಅಭ್ಯರ್ಥಿಯ ಮೇಲಿನ ತನಿಖೆಗೆ ಇನ್ನು ಅಟಾರ್ನಿ ಜನರಲ್ ಒಪ್ಪಿಗೆಯೇ ಬೇಕು. ಸರಿ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನ್ ಕದ್ದಾಲಿಕೆಗೆ ಸಹಿ ಹಾಕಿದ ರಾಬರ್ಟ್ ಕೆನಡಿಯೂ ಅಟಾರ್ನಿ ಜನರಲ್ಲೇ.

•

ಎದುರಾಳಿಯನ್ನು ಮಾತ್ರ ಕದ್ದು ನೋಡುತ್ತಾರೆಂಬ ಸಮಾಧಾನವೂ ಬೇಡ. 1964ರಲ್ಲಿ ಅಟ್ಲಾಂಟಿಕ್ ಸಿಟಿಯ ಡೆಮಾಕ್ರಟಿಕ್ ಸಮಾವೇಶದಿಂದ ಎಫ್‌ಬಿಐ ತಂಡ ವರದಿ ಕಳಿಸುತ್ತಿದ್ದದ್ದು ಡೆಮಾಕ್ರಟಿಕ್ ಅಧ್ಯಕ್ಷ ಜಾನ್ಸನ್ನರಿಗೆ. 1978ರ ಫೈಸಾ ಕಾಯ್ದೆ ಬಂದದ್ದೇ ಇಂಥ ಹಳೆಯ ಕೊಳೆ ತೊಳೆಯಲು.

•

2018ರ ಜನವರಿಯಲ್ಲಿ ಅದೇ ಫೈಸಾದ, ಹೊರದೇಶದ ವಿದೇಶಿಯರ ಮೇಲೆ ವಾರಂಟಿಲ್ಲದೆ ಕಣ್ಗಾವಲಿಡಲು ಬಿಡುವ 702ನೇ ಕಲಮನ್ನು ಆರು ವರ್ಷ ವಿಸ್ತರಿಸುವ ಮಸೂದೆಗೆ ಟ್ರಂಪ್ ಸಹಿ ಹಾಕಿದರು. ಮೇ ತಿಂಗಳಲ್ಲಿ, ತಮ್ಮ ತಂಡದೊಳಗೆ ಬೇಹುಗಾರನನ್ನು ನೆಟ್ಟಿದ್ದರೆಂದು ‘ಸ್ಪೈಗೇಟ್’ ಕೂಗೆಬ್ಬಿಸಿದರು.

•

ಈ ತನಿಖೆಯನ್ನೇ ಪರಿಶೀಲಿಸಿದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಮೈಕೆಲ್ ಹೊರೊವಿಟ್ಜ್ ಅವರ 2019ರ ವರದಿಯನ್ನು ಇಡಿಯಾಗಿ ಒಪ್ಪಿಕೊಂಡ ಪಕ್ಷವಿಲ್ಲ. ತನಿಖೆ ಆರಂಭಿಸಲು ಸಾಕಷ್ಟು ಆಧಾರವಿತ್ತು, ತಂಡದೊಳಗೆ ಮಾಹಿತಿದಾರರನ್ನು ನೆಟ್ಟದ್ದಕ್ಕೆ ಪುರಾವೆಯಿಲ್ಲ: ಇದನ್ನು ಒಬ್ಬರು ಹರಿದುಕೊಂಡರು. ಪೇಜ್ ಅರ್ಜಿಗಳಲ್ಲಿ 17 ಗಂಭೀರ ಲೋಪ: ಇದನ್ನು ಇನ್ನೊಬ್ಬರು. ವಿಶೇಷ ತನಿಖಾಧಿಕಾರಿ ಜಾನ್ ಡರ್ಹಮ್ ಒಟ್ಟು ನಾಲ್ಕು ವರ್ಷ ಅಗೆದರು. ಪೂರ್ಣ ಪ್ರಮಾಣದ ತನಿಖೆಗೆ ಆಧಾರ ಸಾಲದೆಂದರು. ಅವರು ವಿಚಾರಣೆಗೆ ಒಯ್ದ ಎರಡೂ ಮೊಕದ್ದಮೆಗಳಲ್ಲಿ ಆರೋಪಿಗಳು ಖುಲಾಸೆಯಾದರು.

•

ಈ ಗಲಾಟೆಯಲ್ಲಿ ನನಗೆ ಮುಖ್ಯವೆನಿಸಿದ್ದು ಮೂಲೆಗೆ ಬಿದ್ದ ಒಂದು ಕಾಗದ. ಬೇರೆ ಪ್ರಕರಣಗಳ 29 ಫೈಸಾ ಅರ್ಜಿಗಳನ್ನು ಆಯ್ದು ನೋಡಿದ ಹೊರೊವಿಟ್ಜ್ 2020ರ ಮಾರ್ಚಿನ ಕೊನೆಯಲ್ಲಿ ಅದನ್ನು ಹೊರಡಿಸಿದರು. ನಾಲ್ಕಕ್ಕೆ ಆಧಾರದ ಕಡತವೇ ಸಿಗಲಿಲ್ಲ. ಉಳಿದ 25ರಲ್ಲೂ ತಪ್ಪು, ಇಲ್ಲವೇ ಆಧಾರ ಸಾಲದ ಮಾತು. ಬಹುಪಾಲು ಸಣ್ಣಪುಟ್ಟವು ಎಂದು ನ್ಯಾಯ ಇಲಾಖೆ ಆಮೇಲೆ ಸಮಜಾಯಿಷಿ ಕೊಟ್ಟಿತು. ಆ ಅರ್ಜಿಗಳಿಗೆ ಗುರಿಯಾದವರ ಹೆಸರು ಕಾಗದದಲ್ಲಿಲ್ಲ. ಟ್ರಂಪ್‌ಗಾಗಿ ಎದೆ ಬಡಿದುಕೊಂಡವರೂ ಎಫ್‌ಬಿಐಗಾಗಿ ವಾದಿಸಿದವರೂ ಆ ವಾರ ಕೊರೊನಾ ಅಂಕಿಅಂಶ ನೋಡುತ್ತಿದ್ದರು.